ಹಗಲು ರಾತ್ರಿ ಒಟ್ಟಿಗೆ ಬರೆದ ಮಾಗ್ರಿಟ್



ನಮ್ಮ ಮನೆಯ ಪಡಸಾಲೆಯಲ್ಲಿ ಕಟ್ಟು ಹಾಕಿಸಿದ ಒಂದು ಚಿತ್ರ ಇದೆ. ಚಿಕ್ಕಪ್ಪ ಬೆಂಗಳೂರಿಂದ ತಂದಿದ್ದು. ಕೆಳಗೆ ಕತ್ತಲೆ, ಒಂದು ಮನೆ, ಉರಿಯುವ ಬೀದಿ ದೀಪ. ಮೇಲೆ ನೋಡಿದರೆ ನೀಲಿ ಆಕಾಶ, ಬಿಳಿ ಮೋಡ, ನಡುಹಗಲು! ಇದನ್ನು ಬರೆದವನಿಗೆ ಹೊತ್ತು ಗೊತ್ತಾಗ್ತಿರಲಿಲ್ಲವೇನೋ ಅಂತ ನಮ್ಮ ಅಜ್ಜಿ ನಕ್ಕರು. ಬರೆದವರು ರೆನೆ ಮಾಗ್ರಿಟ್. ಚಿತ್ರದ ಹೆಸರು ಬೆಳಕಿನ ಸಾಮ್ರಾಜ್ಯ. ನಮ್ಮಲ್ಲಿರುವುದು ಅಚ್ಚಿನ ಪ್ರತಿ ಅಷ್ಟೆ, ಮೂಲ ಚಿತ್ರ ಅಲ್ಲ.

ಮಾಗ್ರಿಟ್‌ರವರು 1898ನೇ ಇಸವಿ ನವೆಂಬರ್ 21ರಂದು ಬೆಲ್ಜಿಯಂ ದೇಶದ ಲೆಸಿನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ದರ್ಜಿ, ಬಟ್ಟೆ ವ್ಯಾಪಾರವೂ ಇತ್ತು. ತಾಯಿ ಮದುವೆಗೆ ಮೊದಲು ಹೆಂಗಸರ ಟೋಪಿ ತಯಾರಿಸುತ್ತಿದ್ದರು. ಮೂವರು ಗಂಡುಮಕ್ಕಳಲ್ಲಿ ಇವರೇ ಹಿರಿಯರು. 1912ರಲ್ಲಿ ಇವರಿಗೆ 13 ವರ್ಷ, ಅಂದರೆ ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಒಂದು ರಾತ್ರಿ ತಾಯಿ ಮನೆ ಬಿಟ್ಟು ಹೋಗಿ ಸಾಂಬ್ರ್ ನದಿಯಲ್ಲಿ ಪ್ರಾಣ ಬಿಟ್ಟರು. ದೇಹ ಸಿಕ್ಕಿದ್ದು ಎರಡು ವಾರ ಕಳೆದ ಮೇಲೆ. ಮುಂದೆ ಇವರು ಮುಖಕ್ಕೆ ಬಟ್ಟೆ ಮುಚ್ಚಿದ ಮನುಷ್ಯರನ್ನು ಬರೆದಾಗ, ಅದು ತಾಯಿಯ ನೆನಪು ಎಂದು ಜನ ಅರ್ಥ ಹೇಳಿದರು. ಆ ಅರ್ಥ ಮಾಗ್ರಿಟ್‌ರಿಗೆ ಇಷ್ಟ ಆಗುತ್ತಿರಲಿಲ್ಲ.

ಮಾರನೇ ವರ್ಷ ಶಾರ್ಲ್‌ರುವಾ ಊರಿನ ಜಾತ್ರೆಯಲ್ಲಿ ಜಾರ್ಜೆಟ್ ಎಂಬ ಹುಡುಗಿಯ ಪರಿಚಯ ಆಯಿತು. ಆಮೇಲೆ ಯುದ್ಧ ಬಂದು ದೂರವಾದರು. 1920ರಲ್ಲಿ ಬ್ರಸೆಲ್ಸ್ ನಗರದ ಸಸ್ಯೋದ್ಯಾನದಲ್ಲಿ ಅಕಸ್ಮಾತ್ ಮತ್ತೆ ಸಿಕ್ಕರು, 1922ರಲ್ಲಿ ಮದುವೆಯಾದರು. ಬ್ರಸೆಲ್ಸ್‌ನಲ್ಲಿ ಚಿತ್ರಕಲೆ ಕಲಿತಿದ್ದ ಮಾಗ್ರಿಟ್‌ರಿಗೆ ಹೊಟ್ಟೆಪಾಡಿಗೆ ಸಿಕ್ಕಿದ್ದು ಗೋಡೆಗೆ ಅಂಟಿಸುವ ಬಣ್ಣದ ಕಾಗದದ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಆ ದಿನಗಳಲ್ಲೇ ಗೆಳೆಯರೊಬ್ಬರು ಇವರಿಗೆ ಇಟಲಿಯ ದೆ ಕಿರಿಕೊ ಎಂಬ ಚಿತ್ರಕಾರ 1914ರಲ್ಲಿ ಬರೆದ ಪ್ರೇಮಗೀತೆ ಎಂಬ ಚಿತ್ರ ತೋರಿಸಿದರು. ಒಂದು ಕಲ್ಲಿನ ತಲೆ, ಗೋಡೆಗೆ ಮೊಳೆ ಹೊಡೆದ ರಬ್ಬರಿನ ಕೈಗವಸು, ಒಂದು ಹಸಿರು ಚೆಂಡು, ಹಿಂದೆ ರೈಲು ಎಂಜಿನ್. ಒಂದಕ್ಕೊಂದು ಸಂಬಂಧವೇ ಇಲ್ಲ. ನೋಡಿ ಮಾಗ್ರಿಟ್‌ರವರ ಕಣ್ಣಲ್ಲಿ ನೀರು ಬಂತಂತೆ. ಅವರು ನೋಡಿದ್ದೂ ಮೂಲ ಚಿತ್ರವಲ್ಲ, ಒಂದು ಪ್ರತಿ. ಅವರ ಬದುಕು ತಿರುಗಿದ್ದು ಅಲ್ಲಿಂದ. ಪ್ರತಿಯಲ್ಲಿ ಏನಿದೆ ಮಹಾ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಆಗ ಪ್ಯಾರಿಸ್‌ನಲ್ಲಿ ಸರ್ರಿಯಲಿಸಂ ಎಂಬ ಚಳವಳಿ ಶುರುವಾಗಿತ್ತು. ಕನಸಿನಲ್ಲಿ ಕಾಣುವಂಥ, ಬುದ್ಧಿಗೆ ನಿಲುಕದ ಸಂಗತಿಗಳನ್ನು ಬರೆಯುವವರ ಗುಂಪು ಅದು. 1927ರಲ್ಲಿ ಮಾಗ್ರಿಟ್‌ರು ಬ್ರಸೆಲ್ಸ್‌ನಲ್ಲಿ ಪ್ರದರ್ಶನ ಇಟ್ಟರು. ವಿಮರ್ಶಕರು ಚೆನ್ನಾಗಿ ಬೈದರು. ಅದೇ ವರ್ಷ ಪ್ಯಾರಿಸ್ ಹತ್ತಿರಕ್ಕೆ ಹೋದರು. 1929ರಲ್ಲಿ ಹೊಗೆಸೊಪ್ಪು ಸೇದುವ ಪೈಪಿನ ಚಿತ್ರ ಬರೆದು, ಇದು ಪೈಪ್ ಅಲ್ಲ ಅಂತ ಕೆಳಗೆ ಅವರೇ ಬರೆದರು. ಮೊದಲು ನನಗೂ ತಲೆಬುಡ ತಿಳಿಯಲಿಲ್ಲ. ಆದರೆ ಬೋರ್ಡಿನ ಮೇಲೆ ಮಾವಿನ ಹಣ್ಣು ಬರೆದರೆ ತಿನ್ನೋಕಾಗುತ್ತಾ? ಅದು ಹಣ್ಣಲ್ಲ, ಹಣ್ಣಿನ ಚಿತ್ರ.

ದುಡ್ಡಿಗೆ ತಾಪತ್ರಯವಾಗಿ 1930ರಲ್ಲಿ ಬ್ರಸೆಲ್ಸ್‌ಗೆ ವಾಪಸು ಬಂದರು. ಜೆಟ್ ಎಂಬ ಬಡಾವಣೆಯಲ್ಲಿ ಒಂದು ಬಾಡಿಗೆ ಮನೆಯ ನೆಲ ಅಂತಸ್ತಿನಲ್ಲಿ 24 ವರ್ಷ ಇದ್ದರು. ತಮ್ಮನ ಜತೆ ಸೇರಿ ಜಾಹೀರಾತು ಬರೆದರು. ಚಿತ್ರ ಬರೆಯುತ್ತಿದ್ದುದು ಊಟದ ಕೋಣೆಯಲ್ಲಿ, ಅದೂ ಕೋಟು ಟೈ ಹಾಕಿಕೊಂಡು! ಲೂಲೂ ಅಂತ ಒಂದು ನಾಯಿ ಇತ್ತು. ಆ ಮನೆ 1999ರಿಂದ ಮ್ಯೂಸಿಯಂ ಆಗಿದೆ.

1953ರ ಒಂದು ಚಿತ್ರಕ್ಕೆ ನಮ್ಮ ದೇಶದ ಹೆಸರಿದೆ. ಕಪ್ಪು ಕೋಟು, ಗುಂಡು ಟೋಪಿಯ ಗಂಡಸರು ಮಳೆ ಹನಿಗಳ ಹಾಗೆ ಆಕಾಶದ ತುಂಬ ನಿಂತಿದ್ದಾರೆ. ಹೆಸರು ಗೋಲ್ಕೊಂಡ. ಕವಿ ಗೆಳೆಯ ಸ್ಕುಟನೇರ್ ಇಟ್ಟ ಹೆಸರು. ಹೈದರಾಬಾದಿನ ಪಕ್ಕದ ಕೋಟೆಯೇ, ವಜ್ರಕ್ಕೆ ಹೆಸರಾದದ್ದು. ಅಂಥ ಸಿರಿಯೂ ಒಂದು ಪವಾಡ, ಆಕಾಶದಲ್ಲಿ ನಿಲ್ಲುವುದೂ ಒಂದು ಪವಾಡ ಎಂಬುದು ಮಾಗ್ರಿಟ್‌ರ ಲೆಕ್ಕ.

ಚಿತ್ರದ ಪ್ರತಿ ನೋಡಿದರೆ ಸಾಕು, ಪುಸ್ತಕ ಓದಲು ಲೇಖಕನ ಹಸ್ತಪ್ರತಿಯೇ ಬೇಕೇನು ಎಂಬುದು ಅವರ ವಾದವಾಗಿತ್ತು. ಅವರ ಬಣ್ಣ ದಪ್ಪ ಮೆತ್ತಿದ್ದಲ್ಲ, ಬೋರ್ಡ್ ಬರೆಯುವವರ ಹಾಗೆ ನಯ, ಸ್ಪಷ್ಟ. ಅದಕ್ಕೇ ಅಚ್ಚಿನಲ್ಲೂ ಚೆನ್ನಾಗಿ ಮೂಡುತ್ತದೆ. ಆದರೂ ಗಾತ್ರ ಮಾತ್ರ ಬರೋದಿಲ್ಲ. ಬೆಳಕಿನ ಸಾಮ್ರಾಜ್ಯವನ್ನು ಅವರೇ 1949ರಿಂದ ಸುಮಾರು 17 ಸಲ ತೈಲವರ್ಣದಲ್ಲಿ ಬರೆದರು. ಕೇಳುವವರು ಅಷ್ಟಿದ್ದರು.

ಮಾಗ್ರಿಟ್‌ರವರು 1967ರ ಆಗಸ್ಟ್ 15ರಂದು, ಕ್ಯಾನ್ಸರ್‌ನಿಂದ ತಮ್ಮ ಮನೆಯಲ್ಲೇ ನಿಧನರಾದರು. ಆ ದಿನ ನಮ್ಮಲ್ಲಿ ಬಾವುಟ ಹಾರಿಸಿ ಸಿಹಿ ಹಂಚಿರುತ್ತಾರೆ. 2024ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ, 1954ರಲ್ಲಿ ಬರೆದ ಒಂದು ಬೆಳಕಿನ ಸಾಮ್ರಾಜ್ಯ 12 ಕೋಟಿ 10 ಲಕ್ಷ ಡಾಲರಿಗೆ ಹೋಯಿತು. ರೂಪಾಯಿಯಲ್ಲಿ ಸುಮಾರು ಸಾವಿರ ಕೋಟಿ. ಅಜ್ಜಿಗೆ ಹೇಳಿದೆ, ನಂಬಲಿಲ್ಲ. ಆದರೆ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಒಂದು ಸಲ ಅದರ ಕಡೆ ನೋಡ್ತಾರೆ.

ನೋಡಬೇಕು ಅನ್ನುವವರು ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮ ಮನೆಗೆ ಬನ್ನಿ. ಗಾಜು ಮುಟ್ಟಬೇಡಿ, ಚಿಕ್ಕಪ್ಪ ಬೈತಾರೆ.