ಹೆಸರು ಬೇಡವೆಂದವರ ಹೆಸರಿನ ಪದಕ: ಜಾನ್ ಚಾರ್ಲ್ಸ್ ಫೀಲ್ಡ್ಸ್

ಗಣಿತಕ್ಕೆ ನೊಬೆಲ್ ಬಹುಮಾನವಿಲ್ಲ. ಅದಕ್ಕೆ ಸರಿಸಮನೆಂದು ಎಣಿಸಲಾಗುವ ಫೀಲ್ಡ್ಸ್ ಪದಕವನ್ನು ಜಗತ್ತಿಗೆ ಕೊಟ್ಟವರು ನಾವು ನೆಲೆಸಿರುವ ಈ ಟೊರಾಂಟೊ ನಗರದ ಪ್ರಾಧ್ಯಾಪಕರೊಬ್ಬರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಅವರ ಕಿರುಪರಿಚಯವನ್ನು ಕನ್ನಡ ಬಂಧುಗಳ ಮುಂದಿಡುತ್ತಿದ್ದೇವೆ.

ಫೀಲ್ಡ್ಸ್ ಹುಟ್ಟಿದ್ದು 1863ರ ಮೇ 14ರಂದು, ಪಕ್ಕದ ಹ್ಯಾಮಿಲ್ಟನ್ನಿನಲ್ಲಿ. ತಂದೆಯದು ಚರ್ಮದ ಸರಕಿನ ಅಂಗಡಿ. ಹನ್ನೊಂದರ ವಯಸ್ಸಿನಲ್ಲಿ ತಂದೆಯನ್ನೂ ಹದಿನೆಂಟರಲ್ಲಿ ತಾಯಿಯನ್ನೂ ಕಳೆದುಕೊಂಡ ಹುಡುಗ 1884ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದ ಪದವೀಧರನಾದ. 1887ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ದೊರೆಯಿತು.

ಅವರ ಪ್ರೌಢಪ್ರಬಂಧದ ವಿಷಯ ಒಂದು ಬಗೆಯ ಅವಕಲ ಸಮೀಕರಣಗಳ ಪರಿಹಾರ. ಒಲೆಯಿಂದಿಳಿಸಿದ ಕಾಫಿ ಆರುವಂತೆ, ಬದಲಾವಣೆಯ ನಿಯಮವನ್ನು ಹೇಳುವುದೇ ಅವಕಲ ಸಮೀಕರಣ. ಅದನ್ನು ಕಂಡೊಡನೆ ಗಣಿತಜ್ಞರು ಕೇಳುವ ಪ್ರಶ್ನೆಗಳು ಎರಡು: ಇದಕ್ಕೆ ಪರಿಹಾರ ಇದೆಯೇ? ಇದ್ದರೆ ಅದೊಂದೇ ಇದೆಯೇ? ನಿಯಮವೂ ಆರಂಭದ ಬಿಸಿಯೂ ಗೊತ್ತಾದರೆ ಕಾಫಿ ಆರುವ ದಾರಿ ಒಂದೇ. ಫೀಲ್ಡ್ಸ್ ಬಿಡಿಸಿದವು ಪೂರ್ಣಾಂಕ ದರ್ಜೆಯ ಸಮೀಕರಣಗಳು. ದರ್ಜೆ ಅರ್ಧ, ಮುಕ್ಕಾಲು ಎಂಬ ಭಿನ್ನಾಂಕವಾಗಿರುವ ಸಮೀಕರಣಗಳೂ ಉಂಟು. ಅವುಗಳಲ್ಲಿ ಈ ಕ್ಷಣದ ಸ್ಥಿತಿಯೊಂದೇ ಸಾಲದು, ಆರಂಭದಿಂದ ನಡೆದುಬಂದದ್ದೆಲ್ಲವೂ ಲೆಕ್ಕಕ್ಕೆ ಬರುತ್ತದೆ.

ಮನುಷ್ಯರ ವ್ಯವಹಾರವೂ ಹಾಗೆಯೇ ಎಂಬುದನ್ನು ಫೀಲ್ಡ್ಸ್ ಮುಂದೆ ಕಾಣಬೇಕಾಯಿತು. 1892ರಿಂದ ಸುಮಾರು ಹತ್ತು ವರ್ಷ ಪ್ಯಾರಿಸ್, ಬರ್ಲಿನ್‌ಗಳಲ್ಲಿದ್ದು ಅಲ್ಲಿನ ವಿದ್ವಾಂಸರ ಸ್ನೇಹ ಗಳಿಸಿದ್ದ ಅವರು 1902ರಲ್ಲಿ ಟೊರಾಂಟೊದಲ್ಲಿ ಅಧ್ಯಾಪಕರಾದರು. ಮೊದಲನೆಯ ಮಹಾಯುದ್ಧ ಮುಗಿದರೂ ಅದರ ಕಹಿ ಆರಲಿಲ್ಲ. 1924ರ ಅಂತರರಾಷ್ಟ್ರೀಯ ಗಣಿತ ಸಮ್ಮೇಳನಕ್ಕೆ ಸೋತ ದೇಶಗಳವರನ್ನು ಕರೆಯುವಂತಿರಲಿಲ್ಲ. ಅಮೆರಿಕನ್ನರು ಆತಿಥ್ಯದಿಂದ ಹಿಂದೆ ಸರಿದಾಗ ಫೀಲ್ಡ್ಸ್ ಹಣ ಕೂಡಿಸಿ, ದೇಶದೇಶ ಸುತ್ತಿ, ಟೊರಾಂಟೊದಲ್ಲೇ ಸಮ್ಮೇಳನ ನಡೆಸಿದರು. ಆ ದುಡಿಮೆಗೆ ಅವರ ಆರೋಗ್ಯವೂ ತೆತ್ತಿತು.

ಉಳಿದ ಹಣದಲ್ಲಿ 2,500 ಡಾಲರನ್ನು 1931ರಲ್ಲಿ ಎರಡು ಪದಕಗಳಿಗೆಂದು ಮೀಸಲಿಟ್ಟರು. ಪದಕಕ್ಕೆ ಯಾವ ದೇಶದ, ಸಂಸ್ಥೆಯ, ವ್ಯಕ್ತಿಯ ಹೆಸರೂ ಅಂಟಬಾರದೆಂಬುದು ಅವರ ಆಸೆಯಾಗಿತ್ತು. 1932ರ ಆಗಸ್ಟ್ 9ರಂದು ಅವರು ಟೊರಾಂಟೊದಲ್ಲಿ ನಿಧನರಾದರು. ಉಯಿಲಿನಲ್ಲಿ ಪದಕ ನಿಧಿಗೆ ಮತ್ತೆ 47,000 ಡಾಲರ್ ಬರೆದಿಟ್ಟಿದ್ದರು. ಮುಂದಿನ ತಿಂಗಳೇ ಜ್ಯೂರಿಕ್ ಸಮ್ಮೇಳನ ಕೊಡುಗೆಯನ್ನು ಸ್ವೀಕರಿಸಿತು. 1936ರಲ್ಲಿ ಆಸ್ಲೊದಲ್ಲಿ ಫಿನ್ಲೆಂಡಿನ ಆಲ್ಫೋರ್ಸ್ ಮತ್ತು ಅಮೆರಿಕದ ಡಗ್ಲಾಸ್ ಮೊದಲ ಪದಕಗಳನ್ನು ಪಡೆದರು. ಹೆಸರು ಬೇಡವೆಂದವರ ಹೆಸರೇ ಪದಕಕ್ಕೆ ನಿಂತಿತು!

2014ರಲ್ಲಿ ಈ ಪದಕ ಪಡೆದ ಭಾರತೀಯ ಮೂಲದ ಮಂಜುಲ್ ಭಾರ್ಗವ ಅವರು ಹುಟ್ಟಿದ್ದೂ ಹ್ಯಾಮಿಲ್ಟನ್ನಿನಲ್ಲೇ. ಟೊರಾಂಟೊದ ಕಾಲೇಜ್ ಸ್ಟ್ರೀಟಿನಲ್ಲಿ ಫೀಲ್ಡ್ಸ್ ಹೆಸರಿನ ಗಣಿತ ಸಂಸ್ಥೆಯಿದೆ. ನಮ್ಮ ಮಕ್ಕಳನ್ನು ಆ ದಾರಿಯಲ್ಲಿ ಕರೆದೊಯ್ಯುವಾಗ ಈ ಹಿರಿಯರ ಕಥೆಯನ್ನೂ ಹೇಳೋಣ. ಕಳೆದುಹೋದದ್ದನ್ನು ಅಳಿಸಲಾಗದು, ಆದರೂ ಎಲ್ಲರೂ ಕೂಡಿ ಕೂರುವ ದಾರಿಯೊಂದು ಇದ್ದೇ ಇದೆಯೆಂದು ನಂಬಿ ದುಡಿದ ಚೇತನಕ್ಕೆ ನಮ್ಮ ನಮನಗಳು.