ಸಂತ ಜೋಸೆಫ್ ವಾಜ್: ಶುದ್ಧ ಹೃದಯ, ನವಜೀವನ

ಸಂಡೂರಿನ ಗಣಿಯ ಕೆಂಪು ಧೂಳನ್ನು ತುಂಗಭದ್ರೆಯ ನೀರು ತೊಳೆಯಬಲ್ಲದು. ಅಂತರಂಗದ ಕಲ್ಮಷವನ್ನು ತೊಳೆಯಲು ದೇವರ ಕೃಪೆಯೇ ಬೇಕು. ಆ ಕೃಪೆಯನ್ನು ಪಾಪನಿವೇದನೆಯ ಸಂಸ್ಕಾರದ ಮೂಲಕ ಕನ್ನಡ ನಾಡಿಗೆ ಹಂಚಿದ ಗುರುಗಳಲ್ಲಿ ಸಂತ ಜೋಸೆಫ್ ವಾಜ್‌ರವರು ಪ್ರಾತಃಸ್ಮರಣೀಯರು.

1651ರ ಏಪ್ರಿಲ್ 21ರಂದು ಗೋವೆಯಲ್ಲಿ ಜನಿಸಿದ ಅವರು 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಪತ್ರ ಬರೆದು ಅರ್ಪಿಸಿಕೊಂಡರು. 1681ರಲ್ಲಿ ನಮ್ಮ ಕರಾವಳಿಗೆ ಬಂದರು. ಹಿಂದೆ ಹಂಪಿಯ ಅರಸರಿಗೆ ಸಾಮಂತರಾಗಿದ್ದ ಕೆಳದಿ ನಾಯಕರು ಆಗ ಅಲ್ಲಿ ಆಳುತ್ತಿದ್ದರು. ಗುರುಗಳ ಅಭಾವದಿಂದಲೂ ಅಧಿಕಾರದ ಕಲಹದಿಂದಲೂ ಕ್ರೈಸ್ತರು ಸೊರಗಿದ್ದರು. ವಾಜ್‌ರವರು ಊರೂರು ಸುತ್ತಿ ಪಾಪನಿವೇದನೆ ಆಲಿಸಿದರು, ದೂರವಾದವರನ್ನು ಬಲಿಪೀಠದ ಬಳಿಗೆ ಮರಳಿ ತಂದರು.

1687ರಲ್ಲಿ, ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದ ಸಿಂಹಳಕ್ಕೆ ವೇಷ ಮರೆಸಿ ಹೋದರು. ಕ್ಯಾಂಡಿಯಲ್ಲಿ ಗೂಢಚಾರನೆಂಬ ಸಂಶಯಕ್ಕೆ ಸಿಲುಕಿ ಸೆರೆವಾಸ ಅನುಭವಿಸಿದರು. 1697ರಲ್ಲಿ ಅದೇ ನಗರಕ್ಕೆ ಸಿಡುಬು ತಗುಲಿ, ಬಂಧುಗಳೇ ರೋಗಿಗಳನ್ನು ತೊರೆದಾಗ, ಅವರು ಮತಭೇದವೆಣಿಸದೆ ಶುಶ್ರೂಷೆ ಮಾಡಿದರು, ಮೃತರನ್ನು ಮಣ್ಣುಮಾಡಿದರು. ತಮ್ಮನ್ನು ಶಂಕಿಸಿದ ಊರಿಗೇ ಸೇವಕರಾದರು! 1711ರ ಜನವರಿ 16ರಂದು ಅಲ್ಲಿಯೇ ದೈವಾಧೀನರಾದರು. 2015ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಅವರನ್ನು ಸಂತರೆಂದು ಘೋಷಿಸಿದರು.

ಪಾಪಕ್ಷಮೆ ಪಡೆದ ಹೃದಯದ ಗುರುತು ಇದೇ: ಹಗೆಯಿದ್ದೆಡೆ ಸೇವೆ. ಶತಮಾನೋತ್ಸವಕ್ಕೆಂದು ದೇವಾಲಯದ ಗೋಡೆಗೆ ಸುಣ್ಣ ಬಳಿಯುವುದು ಸುಲಭ. ಆದರೆ ಒಂದೇ ಬಲಿಪೂಜೆಯಲ್ಲಿ ನಿಂತು, ವರ್ಷಗಟ್ಟಲೆ ಒಬ್ಬರೊಡನೊಬ್ಬರು ಮಾತನಾಡದ ಅಣ್ಣತಮ್ಮಂದಿರು ನಮ್ಮಲ್ಲಿಲ್ಲವೇ? ಪ್ರಿಯ ಭಕ್ತರೇ, ಮೊದಲು ಪಾಪನಿವೇದನೆಗೆ ಬರೋಣ. ಅಲ್ಲಿಂದ ನೇರವಾಗಿ ಆ ಸಹೋದರನ ಮನೆಗೆ ಹೋಗೋಣ. ಸಂತ ಜೋಸೆಫ್ ವಾಜ್‌ರವರೇ, ನಮಗಾಗಿ ಪ್ರಾರ್ಥಿಸಿರಿ.