ಬಾಬಿನ್ನನ್ನು ನಿಲ್ಲಿಸಿದ ಬಡಗಿ: ಅಲೆನ್ ವಿಲ್ಸನ್

ನಮ್ಮ ಎಷ್ಟೋ ಮನೆಗಳಲ್ಲಿ ತಾಯಂದಿರ ಹೊಲಿಗೆ ಯಂತ್ರವೇ ಮಕ್ಕಳ ಶಾಲೆಯ ಫೀಸು ಕಟ್ಟಿದೆ. ತೋವಿನಕೆರೆಯ ಯಾವುದಾದರೂ ಟೈಲರ್ ಅಂಗಡಿಗೆ ಹೋಗಿ ಬಾಬಿನ್ ಕೇಸನ್ನು ಕೈಯಲ್ಲಿ ಹಿಡಿದು ನೋಡಿ. ಅದರ ಮೈಮೇಲೆ ಪುಟ್ಟ ಸ್ಪ್ರಿಂಗ್ ಪಟ್ಟಿ, ಅದಕ್ಕೊಂದು ಸ್ಕ್ರೂ. ಸ್ಪ್ರಿಂಗ್ ಕೆಳದಾರವನ್ನು ಒತ್ತಿ ಹಿಡಿಯುತ್ತದೆ; ಸ್ಕ್ರೂ ಸಡಿಲವಾದರೆ ಹೊಲಿಗೆಯೂ ಸಡಿಲ. ಆ ಬಾಬಿನ್ ಇದ್ದಲ್ಲೇ ಇದ್ದು ಕೆಲಸ ಮಾಡುವ ಉಪಾಯದ ಹಿಂದೆ ಒಬ್ಬ ಬಡಗಿಯಿದ್ದಾರೆ.

ಅಲೆನ್ ಬಿ. ವಿಲ್ಸನ್ 1823ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಿಲೆಟ್‌ನಲ್ಲಿ ಜನಿಸಿದರು. ಮರಗೆಲಸ ಮಾಡುತ್ತಿದ್ದ ಇವರಿಗೆ ಹೊಲಿಗೆ ಯಂತ್ರದ ಆಲೋಚನೆ ಹೊಳೆದದ್ದು 1847ರಲ್ಲಿ. ಅಂಥ ಯಂತ್ರವನ್ನು ಅವರು ಅದುವರೆಗೆ ಕಂಡೇ ಇರಲಿಲ್ಲ! 1849ರಲ್ಲಿ ಅದನ್ನು ಮಾಡಿ ಮುಗಿಸಿದರು. ಆದರೆ ಅದರೊಳಗಿನ ಲಾಳಿ ತಮ್ಮದೆಂದು ಬೇರೆಯವರು ಹಕ್ಕು ಹೂಡಿದರು. ಕೋರ್ಟಿಗೆ ಹೋಗಲು ಹಣವಿಲ್ಲದ ವಿಲ್ಸನ್ ತಮ್ಮ ಅರ್ಧ ಪಾಲನ್ನೇ ಬಿಟ್ಟುಕೊಟ್ಟರು.

ಲಾಳಿಯ ಗೊಡವೆಯೇ ಬೇಡವೆಂದು ಅವರು ಹುಡುಕಿದ ದಾರಿ ನೋಡಿ. ತಿರುಗುವ ಕೊಕ್ಕೆಯೊಂದು ಮೇಲುದಾರದ ಕುಣಿಕೆಯನ್ನು ಹಿಡಿದು ಬಾಬಿನ್ನಿನ ಸುತ್ತ ದಾಟಿಸಬೇಕು. 1851ರಲ್ಲಿ ಕೊಕ್ಕೆಗೆ, 1852ರಲ್ಲಿ ನಿಂತಲ್ಲೇ ನಿಲ್ಲುವ ಬಾಬಿನ್ನಿಗೆ ಪೇಟೆಂಟ್ ದೊರೆಯಿತು. ಲಾಳಿ ಹಿಂದೆ ಮುಂದೆ ಓಡುವ ತಾಪತ್ರಯ ತಪ್ಪಿತು. 1854ರಲ್ಲಿ ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಪಟ್ಟಿಗೂ ಪೇಟೆಂಟ್ ಪಡೆದರು.

ಪಾಲುದಾರ ನಥಾನಿಯಲ್ ವೀಲರ್ ವ್ಯಾಪಾರ ಬೆಳೆಸಿದರು. ಆರೋಗ್ಯ ಕೆಟ್ಟ ವಿಲ್ಸನ್ 1853ರಲ್ಲೇ ಕಂಪನಿಯ ಕೆಲಸದಿಂದ ದೂರವಾಗಿದ್ದರು. ಪೇಟೆಂಟಿನ ಮೊದಲ 14 ವರ್ಷ ತಮಗೆ ಖರ್ಚಿಗಷ್ಟೇ ಸಿಕ್ಕಿತೆಂದು, ಅವಧಿ ವಿಸ್ತರಿಸಬೇಕೆಂದು 1874ರಲ್ಲಿ ಅಮೆರಿಕದ ಸಂಸತ್ತಿಗೆ ಮನವಿ ಮಾಡಿದರು. ಸಂಸತ್ತು ಒಪ್ಪಲಿಲ್ಲ. 1888ರಲ್ಲಿ ತೀರಿಕೊಂಡರು.